ಅಣ್ಣನ ಜೇಬಿನ ಚೀಟಿ



ಈ ಸಲ ದೀಪಾವಳಿಯ ತಿಂಡಿಗಳ ಬಗ್ಗೆ ಬರೆಯುತ್ತೇನೆಂದು ಹೋದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆ. ಕೋಡುಬಳೆ, ರವೆಉಂಡೆಗಳು ಮುಂದಿನ ತಿಂಗಳವರೆಗೆ ಡಬ್ಬಿಯಲ್ಲೇ ಇರಲಿ. ರಾಜ್ಯೋತ್ಸವದ ಸಂಜೆ ನಮ್ಮ ಸಂಘದ ಕಾರ್ಯಕ್ರಮದಲ್ಲಿ ನಡೆದದ್ದನ್ನು ನೋಡಿದ ಮೇಲೆ ಬೇರೇನನ್ನೂ ಬರೆಯಲು ಕೈ ಓಡುತ್ತಿಲ್ಲ.

ಸಮೂಹಗೀತೆ ನಡೆಯುತ್ತಿದ್ದಾಗ ಎರಡನೆಯ ಸಾಲಿನಲ್ಲಿ ನಿಂತಿದ್ದ ಹುಡುಗಿ ಇದ್ದಕ್ಕಿದ್ದಂತೆ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು. ಒಂದೇ ನಿಮಿಷದಲ್ಲಿ ಸಭಾಂಗಣದಲ್ಲಿದ್ದ ಬೀಗದ ಕೈಗಳೆಲ್ಲ ವೇದಿಕೆಯ ಮೇಲಿದ್ದವು! ಒಬ್ಬರು ಈರುಳ್ಳಿ ತರಲು ಅಡಿಗೆಮನೆಗೆ ಓಡಿದರು. ನನಗಿಂತ ಹಿರಿಯರೊಬ್ಬರು ಕಾಲಿನ ಚಪ್ಪಲಿ ಕಳಚಿ ಕೈಗೆತ್ತಿಕೊಂಡರು. ನಿಮ್ಮಲ್ಲಿ ಒಂದಿಬ್ಬರು ಮೊಬೈಲ್ ಎತ್ತಿ ಹಿಡಿದಿದ್ದಿರಿ. ನಿಮ್ಮನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಬೈಯುವ ಅಧಿಕಾರ ನನಗಿಲ್ಲ. ಏಕೆ ಇಲ್ಲ ಎನ್ನುವುದನ್ನೇ ಹೇಳಬೇಕಾಗಿದೆ.

ನನಗೊಬ್ಬ ಅಣ್ಣ ಇದ್ದ. ನನಗಿಂತ ಏಳು ವರ್ಷ ದೊಡ್ಡವನು. 1961ರಲ್ಲಿ ಹುಟ್ಟಿದ, 2014ರಲ್ಲಿ ಹೋದ. ಈ ಐವತ್ತಮೂರು ವರ್ಷಗಳಲ್ಲಿ ನಲವತ್ತಾರು ವರ್ಷ ಅವನ ಜೊತೆಗೆ ಮೂರ್ಛೆರೋಗವೂ ಬಾಳಿತು. ಎಪಿಲೆಪ್ಸಿ ಎಂದರೆ ನಿಮಗೆ ಬೇಗ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ "ಫಿಟ್ಸು" ಎನ್ನುತ್ತಿದ್ದೆವು, ಅದೂ ಪಿಸುಮಾತಿನಲ್ಲಿ.

ಶುರುವಾದದ್ದು ಒಂದು ದೀಪಾವಳಿಯಲ್ಲೇ. 1968ರ ನರಕ ಚತುರ್ದಶಿ, ನಂಜನಗೂಡಿನ ಕಡೆಯ ಅಜ್ಜಿಯ ಊರು. ನಾನಾಗ ಮೂರು ತಿಂಗಳ ಕೂಸು, ಇದೆಲ್ಲ ಅಮ್ಮ ಹೇಳಿ ಕೇಳಿದ್ದು. ನಸುಕಿನಲ್ಲಿ ಎಣ್ಣೆ ಹಚ್ಚಿ, ಹಂಡೆಯಲ್ಲಿ ನೀರು ಕುದಿಸಿ, ಅಜ್ಜಿ ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಬಚ್ಚಲಿಗೆ ಕೂರಿಸಿದ್ದರು. ನಿಮಗೆ ಶವರ್ ಗೊತ್ತು; ನಮ್ಮ ಕಡೆಯ ಎಣ್ಣೆಸ್ನಾನ ಗೊತ್ತಿಲ್ಲ. ಕಣ್ಣು ಮುಚ್ಚಿ ಕುಳಿತುಕೊಳ್ಳಬೇಕು, ಸೀಗೇಕಾಯಿ ತಿಕ್ಕಿದ ಮೇಲೆ ಮೈ ಕೆಂಪಾಗುವಷ್ಟು ಬಿಸಿಯ ನೀರನ್ನು ತಂಬಿಗೆಯ ಮೇಲೆ ತಂಬಿಗೆ ನೆತ್ತಿಗೆ ಸುರಿಯುತ್ತಾರೆ, ಉಸಿರಾಡಲೂ ಪುರುಸೊತ್ತು ಕೊಡುವುದಿಲ್ಲ. ನಾಲ್ಕನೆಯದೋ ಐದನೆಯದೋ ತಂಬಿಗೆಗೆ ಅಣ್ಣನ ಕಣ್ಣು ಒಂದು ಕಡೆ ತಿರುಗಿತು, ಮಾತು ತೊದಲಿತು, ಅಲ್ಲೇ ಒರಗಿದ. ಹಬ್ಬದ ದಿನ ಯಾವುದೋ ಗಾಳಿ ಸೋಕಿದೆ ಎಂದು ಅಜ್ಜಿ ನಿವಾಳಿಸಿದರು. ಮುಂದಿನ ಎಣ್ಣೆಸ್ನಾನದಲ್ಲಿ ಮತ್ತೆ ಹಾಗೇ ಆಯಿತು. ಅದರ ಮುಂದಿನದರಲ್ಲೂ.

ಎರಡು ಮೂರು ವರ್ಷದಲ್ಲಿ ಸ್ನಾನವಿಲ್ಲದೆಯೂ ಬರತೊಡಗಿತು. ಶಾಲೆಯಲ್ಲಿ, ಊಟದ ಮಣೆಯ ಮೇಲೆ, ನಿದ್ದೆಯಲ್ಲಿ. ಅಷ್ಟರಲ್ಲಿ ಅಪ್ಪನಿಗೆ ಪುಣೆಗೆ ವರ್ಗವಾಗಿ 1972ರಲ್ಲಿ ನಾವು ಯೆರವಡಾಕ್ಕೆ ಬಂದೆವು.

ಈಗ ಯೆರವಡಾ ಎಂದರೆ ನಿಮಗೆ ಗಾಜಿನ ಐಟಿ ಕಟ್ಟಡಗಳು, ಏರ್‌ಪೋರ್ಟ್ ರಸ್ತೆ. ಆಗ ಯೆರವಡಾ ಎಂದರೆ ಎರಡೇ: ಒಂದು ಜೈಲು, ಇನ್ನೊಂದು ಹುಚ್ಚಾಸ್ಪತ್ರೆ. ಜೈಲಿನ ಬಗ್ಗೆ ಹೆಮ್ಮೆ ಪಡಬಹುದಿತ್ತು. 1932ರಲ್ಲಿ ಗಾಂಧೀಜಿ ಉಪವಾಸ ಕೂತ ಜೈಲು, ಪೂನಾ ಒಪ್ಪಂದವಾದ ಜೈಲು. ಆದರೆ ಮಾನಸಿಕ ಆಸ್ಪತ್ರೆಯ ಹೆಸರು ಇಡೀ ಊರಿಗೆ ಬೈಗುಳವಾಗಿತ್ತು. ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ ಪುಣೆಯವರು "ಯೆರವಡ್ಯಾಲಾ ಪಾಠವಾ" ಎನ್ನುತ್ತಿದ್ದರು. ನಮ್ಮ ವಿಳಾಸ ಹೇಳಿದರೆ ಸಾಕು, ಕ್ಲಾಸಿನಲ್ಲಿ ನಗು. ಅಂಥ ಊರಿನಲ್ಲಿ, ಬೀದಿಯಲ್ಲಿ ಬಿದ್ದು ಒದ್ದಾಡುವ ಅಣ್ಣ! ಮೂರ್ಛೆರೋಗ ಮಿದುಳಿನ ನರಗಳಲ್ಲಿ ಒಮ್ಮೆಲೇ ಏಳುವ ವಿದ್ಯುತ್ತಿನ ಗೊಂದಲ, ಹುಚ್ಚಲ್ಲ ಎಂದು ಯಾರಿಗೆ ಬಿಡಿಸಿ ಹೇಳುವುದು? ನನಗೇ ಗೊತ್ತಿರಲಿಲ್ಲ.

ಸರಿಯಾಗಿ ಹೇಳಿದವರು ಬೆಂಗಳೂರಿನವರು. 1978ರ ಬೇಸಿಗೆ ರಜೆಯಲ್ಲಿ ಅಪ್ಪ ಅಮ್ಮ ಅಣ್ಣನನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಅಲ್ಲಿಯ ವೈದ್ಯರು ಎಲ್ಲ ಕೇಳಿ, "ಮೊದಲ ಸಲ ಬಂದಾಗ ತಲೆಗೆ ಬಿಸಿನೀರು ಹಾಕುತ್ತಿದ್ದಿರಾ?" ಎಂದರಂತೆ. ಅಮ್ಮ ಅಲ್ಲೇ ಅತ್ತುಬಿಟ್ಟರು. ಹತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಇದು ನಮ್ಮ ಮೈಸೂರು ಸೀಮೆಯಲ್ಲಿ ವಿಶೇಷವಾಗಿ ಕಾಣುವ ಕಾಯಿಲೆ ಎನ್ನುವುದು ನಿಮಗೆ ಆಶ್ಚರ್ಯವಾಗಬಹುದು. ಬಿಸಿನೀರಿನ ಮೂರ್ಛೆ ಎಂದೇ ಅದರ ಹೆಸರು. 1945ರಲ್ಲಿ ನ್ಯೂಜಿಲೆಂಡಿನಲ್ಲಿ ಒಂದು ಪ್ರಕರಣ ವರದಿಯಾಗಿತ್ತು. ಆದರೆ ದೊಡ್ಡ ಸಂಖ್ಯೆಯಲ್ಲಿ ಗುರುತಿಸಿದವರು ನಮ್ಮವರು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ತಮ್ಮ ಮೊದಲ ವರದಿ ಪ್ರಕಟಿಸಿದ್ದು 1968ರಲ್ಲಿ, ಅಣ್ಣ ಅಜ್ಜಿಯ ಬಚ್ಚಲಲ್ಲಿ ಬಿದ್ದ ವರ್ಷವೇ! 1974ರಲ್ಲಿ 108 ರೋಗಿಗಳ ವಿವರ ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಸತೀಶ್ಚಂದ್ರ ಮತ್ತು ಸಂಗಡಿಗರು 279 ಜನರ ಅಧ್ಯಯನ ಹೊರತಂದರು. ಯಳಂದೂರು ತಾಲ್ಲೂಕಿನಲ್ಲಿ ಮನೆಮನೆ ಸಮೀಕ್ಷೆ ಮಾಡಿದಾಗಲೂ ಈ ಬಗೆ ಅಲ್ಲಿ ಬಹಳ ಹೆಚ್ಚೆಂದು ತಿಳಿಯಿತು. ಬಹಳ ಜನಕ್ಕೆ ನೀರಿನ ಬಿಸಿ ತಗ್ಗಿಸಿದರೆ ಸಾಕಾಗುತ್ತದೆ. ಕೆಲವರಿಗೆ ಮಾತ್ರ ಅಣ್ಣನ ಹಾಗೆ ಮುಂದೆ ಸ್ನಾನವಿಲ್ಲದೆಯೂ ಬರುತ್ತದೆ.

ಅಮ್ಮನಿಗೆ ಬೇಕಾಗಿದ್ದದ್ದು ಒಂದೇ ಉತ್ತರ: "ನಾವು ಸುರಿದ ನೀರಿನಿಂದ ಹೀಗಾಯಿತೇ?" ಬಿಸಿನೀರು ಕಿಡಿ ಮಾತ್ರ, ಹತ್ತಿಕೊಳ್ಳುವ ಗುಣ ಮಿದುಳಿನಲ್ಲಿ ಮೊದಲೇ ಇರುತ್ತದೆ ಎಂದು ವೈದ್ಯರು ಸಮಾಧಾನ ಹೇಳಿದರು. ಅದು ಬರಿಯ ಸಮಾಧಾನದ ಮಾತಲ್ಲ. 2009ರಲ್ಲಿ ಬೆಂಗಳೂರಿನ ವಿಜ್ಞಾನಿಗಳೇ ಕೆಲವು ಕುಟುಂಬಗಳಲ್ಲಿ ಇದರ ವಂಶವಾಹಿಯ ಜಾಡನ್ನು ಹತ್ತನೆಯ ವರ್ಣತಂತುವಿನವರೆಗೆ ಹಿಡಿದುಕೊಂಡು ಹೋದರು. ಅಷ್ಟರಲ್ಲಿ ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆ ದೀಪಾವಳಿಯ ನಂತರ ಅವರು ಯಾವ ಮಗುವಿನ ತಲೆಗೂ ನೀರು ಹಾಕಲಿಲ್ಲ.

ಇನ್ನು ನನ್ನ ಕಥೆಗೆ ಬರುತ್ತೇನೆ. ಸುತ್ತಿ ಬಳಸಿ ತಪ್ಪಿಸಿಕೊಳ್ಳುತ್ತಿದ್ದೇನೆಂದು ನಿಮಗೆ ಗೊತ್ತಾಗಿರಬೇಕು.

1980. ನನಗೆ ಹನ್ನೆರಡು, ಅಣ್ಣನಿಗೆ ಹತ್ತೊಂಬತ್ತು. ನನ್ನ ಶಾಲೆ ಕ್ಯಾಂಪಿನಲ್ಲಿ. ಸಂಜೆ ಕೆಂಪು ಪಿ.ಎಂ.ಟಿ. ಬಸ್ಸು ಬಂಡ್ ಗಾರ್ಡನ್ ಸೇತುವೆ ದಾಟಿ, ಪರ್ಣಕುಟಿಯ ಗುಡ್ಡ ಬಳಸಿ ಯೆರವಡಾದಲ್ಲಿ ಇಳಿಸುತ್ತಿತ್ತು. ಅಲ್ಲಿ ಅಣ್ಣ ನಿಂತಿರುತ್ತಿದ್ದ, ಮಳೆಯಿರಲಿ ಬಿಸಿಲಿರಲಿ. ನನ್ನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ದಾರಿಯುದ್ದಕ್ಕೂ ಅವತ್ತು ಓದಿದ ಕಥೆ ಹೇಳುತ್ತಿದ್ದ. ಅವತ್ತು ನನ್ನ ಜೊತೆ ಇಬ್ಬರು ಗೆಳತಿಯರು ಇಳಿದರು. ಅಣ್ಣ ನಮ್ಮ ಕಡೆಗೆ ಎರಡು ಹೆಜ್ಜೆ ಇಟ್ಟವನು ಒಂದು ಕೂಗು ಹಾಕಿ ಬಿದ್ದ.

ಜನ ಸೇರಿದರು. ಒಬ್ಬ ಹೆಂಗಸು ಅವನ ಮುಷ್ಟಿ ಬಿಡಿಸಿ ಬೀಗದ ಕೈ ತುರುಕಿದಳು. ಒಬ್ಬ ಕೊಲ್ಹಾಪುರಿ ಚಪ್ಪಲಿ ಕಳಚಿ ಮೂಗಿಗೆ ಒತ್ತಿದ. ಬಾಯಲ್ಲಿ ನೊರೆ, ಕಚ್ಚಿದ ನಾಲಗೆಯ ರಕ್ತ, ಪ್ಯಾಂಟು ಒದ್ದೆಯಾಗಿತ್ತು. "ಇವನ ಜೊತೆ ಯಾರಾದರೂ ಇದ್ದೀರಾ?" ಎಂದು ಮರಾಠಿಯಲ್ಲಿ ಯಾರೋ ಕೂಗಿ ಕೇಳಿದರು. ಗೆಳತಿ ನನ್ನ ಕಡೆ ತಿರುಗಿ, "ನಿನ್ನ ದಾದಾ ಅಲ್ಲವೇನೇ?" ಎಂದಳು.

ನಾನು "ಅಲ್ಲ" ಎಂದೆ.

ಕಡಲೆಕಾಯಿ ಗಾಡಿಯ ಹಿಂದೆ ಹೋಗಿ ನಿಂತೆ. ಎರಡು ನಿಮಿಷವೂ ಆಗಿರಲಾರದು, ಅದುರು ನಿಂತಿತು. ಅವನು ಕಣ್ಣು ಬಿಟ್ಟ. ಆ ಕಣ್ಣು ಗುಂಪನ್ನೆಲ್ಲ ಸುತ್ತಿ ಬಂದು ನನ್ನ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋಯಿತು. ಫಿಟ್ಸ್ ಆದ ಮೇಲೆ ಸ್ವಲ್ಪ ಹೊತ್ತು ಎದುರಿಗಿದ್ದವರೂ ಗುರುತು ಸಿಗುವುದಿಲ್ಲ, ಆಮೇಲೆ ನೆನಪೂ ಇರುವುದಿಲ್ಲ. ಅವನು ನನ್ನನ್ನು ಕಂಡನೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಎದ್ದ, ಒದ್ದೆ ಪ್ಯಾಂಟಿನಲ್ಲೇ ಮೆಲ್ಲಗೆ ಮನೆಯ ಕಡೆ ನಡೆದ. ನಾನು ಇಪ್ಪತ್ತು ಹೆಜ್ಜೆ ಹಿಂದೆ ನನ್ನ ಚೀಲ ನಾನೇ ಹೊತ್ತುಕೊಂಡು ನಡೆದೆ.

ಬಾಗಿಲಲ್ಲಿ ಅಮ್ಮ ಗಾಬರಿಯಾಗಿ ಕೇಳಿದಾಗ ಅಣ್ಣ ಹೇಳಿದ: "ಬಸ್ ಸ್ಟಾಪಿನಲ್ಲಿ ಬಂತಮ್ಮ. ಪುಟ್ಟಿ ಇದ್ದಳು, ಅವಳೇ ಕರೆದುಕೊಂಡು ಬಂದಳು." ಅಮ್ಮ ನನ್ನ ತಲೆ ಸವರಿ, ರಾತ್ರಿ ನನಗೆ ಇಷ್ಟವೆಂದು ಶ್ಯಾವಿಗೆ ಪಾಯಸ ಮಾಡಿದರು. ಆ ಪಾಯಸವನ್ನು ನಾನು ಹೇಗೆ ತಿಂದೆನೋ ಕೇಳಬೇಡಿ.

ಮುಂದಿನ ಭಾನುವಾರ ಅಣ್ಣ ಒಂದು ರಟ್ಟು ಕತ್ತರಿಸಿಕೊಂಡು ಕುಳಿತ. ಮುತ್ತಿನಂಥ ಅಕ್ಷರ ಅವನದು. ಮೇಲೆ ಮರಾಠಿ, ನಡುವೆ ಇಂಗ್ಲಿಷ್, ಕೆಳಗೆ ಕನ್ನಡ: "ನನಗೆ ಫಿಟ್ಸ್ ಇದೆ. ಹೆದರಬೇಡಿ. ನನ್ನನ್ನು ಒಂದು ಮಗ್ಗುಲಿಗೆ ತಿರುಗಿಸಿ. ತಲೆಯ ಕೆಳಗೆ ಮೆತ್ತನೆಯದು ಏನಾದರೂ ಇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ನೀರು, ಚಮಚ ಏನೂ ಹಾಕಬೇಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಕಬ್ಬಿಣ ಬೇಡ, ಈರುಳ್ಳಿ ಬೇಡ. ಚಪ್ಪಲಿ ದಯವಿಟ್ಟು ಬೇಡ." ಕೆಳಗೆ ಮನೆಯ ವಿಳಾಸ. ಇದೆಲ್ಲ ನಿಮ್ಹಾನ್ಸ್‌ನವರು ಹೇಳಿಕೊಟ್ಟದ್ದು. ಚಪ್ಪಲಿಗೆ "ದಯವಿಟ್ಟು" ಸೇರಿಸಿದ್ದು ಮಾತ್ರ ಅವನ ಸ್ವಂತದ್ದು. ಶರ್ಟಿನ ಜೇಬಿಗೆ ಅದನ್ನು ಹಾಕಿಕೊಂಡು, ನನ್ನ ಮುಖ ನೋಡದೆ, "ಇನ್ನು ಮೇಲೆ ಯಾರೂ ಏನೂ ಹೇಳಬೇಕಾಗಿಲ್ಲ ಪುಟ್ಟಿ. ಎಲ್ಲ ಈ ಚೀಟಿಯೇ ಹೇಳುತ್ತದೆ" ಎಂದ.

"ಯೆರವಡಾದ ಬೀದಿಯಲ್ಲಿ ಕನ್ನಡ ಓದುವವರು ಯಾರಣ್ಣ?" ಎಂದು ಕೇಳಿದೆ, ಏನಾದರೂ ಕೇಳಬೇಕಲ್ಲ ಎಂದು. "ನಾನೇ" ಎಂದ. ಎಚ್ಚರವಾದಾಗ ಅವನಿಗೆ ಮೊದಲು ಮರಳಿ ಬರುವುದು ಕನ್ನಡವಂತೆ. ಸುತ್ತ ಮರಾಠಿ ಮಾತಾಡುತ್ತಿದ್ದರೆ ಸ್ವಲ್ಪ ಹೊತ್ತು ಬರಿಯ ಶಬ್ದ ಕೇಳುತ್ತದೆ, ಅರ್ಥ ಆಗುವುದಿಲ್ಲ. ಆಗ ಜೇಬಿನಿಂದ ಈ ರಟ್ಟು ತೆಗೆದು ಕೆಳಗಿನ ಸಾಲುಗಳನ್ನು ಓದಿಕೊಂಡರೆ ತಾನು ಯಾರು, ಮನೆ ಎಲ್ಲಿ ಎಂದು ತಿಳಿಯುತ್ತದೆ. ಅಮ್ಮನ ಭಾಷೆ ಯಾಕೆ ಕಲಿಯಬೇಕು ಎಂದು ನೀವು ನನ್ನನ್ನು ಆಗಾಗ ಕೇಳುತ್ತೀರಲ್ಲ, ನನಗೆ ಗೊತ್ತಿರುವ ಉತ್ತರ ಇದೊಂದೇ.

ಔಷಧಿಗಳ ಪುರಾಣ ಉದ್ದವಿದೆ, ಬೇಗ ಮುಗಿಸುತ್ತೇನೆ. ಮೊದಲು ಗಾರ್ಡಿನಾಲ್. 1912ರಿಂದ ಬಳಕೆಯಲ್ಲಿರುವ ಫಿನೊಬಾರ್ಬಿಟೋನ್ ಅದು, ಅಗ್ಗ. ತೂಕಡಿಕೆಗೆ ಮಾತ್ರ ಮಿತಿಯಿಲ್ಲ. ಆಮೇಲೆ ಎಪ್ಟೊಯಿನ್. ಅದರಿಂದ ವಸಡು ಊದಿ ದಪ್ಪಗಾಯಿತು. ಅಣ್ಣ ನಗುವಾಗ ಕೈ ಅಡ್ಡ ಹಿಡಿಯುವುದನ್ನು ಕಲಿತ. ಎಂಬತ್ತರ ದಶಕದಲ್ಲಿ ಕಾರ್ಬಮಜೆಪಿನ್ ಬಂದ ಮೇಲೆ ಎಷ್ಟೋ ಮೇಲಾಯಿತು. ಒಂದು ನೋಟ್‌ಬುಕ್ಕಿನಲ್ಲಿ ಫಿಟ್ಸ್ ಬಂದ ದಿನಕ್ಕೆಲ್ಲ ಕೆಂಪು ಚುಕ್ಕೆ ಇಡುತ್ತಿದ್ದ. 1979ರಲ್ಲಿ ಮೂವತ್ತೊಂದು ಚುಕ್ಕೆ, 1994ರಲ್ಲಿ ನಾಲ್ಕು. ಆ ನಾಲ್ಕು ಚುಕ್ಕೆಯ ವರ್ಷ ಅವನು ನಮಗೆಲ್ಲ ಜಾಮೂನು ತಂದ. ಸರಿಯಾದ ಮಾತ್ರೆ ಸಿಕ್ಕರೆ ನೂರಕ್ಕೆ ಎಪ್ಪತ್ತು ಜನರಿಗೆ ಒಂದೂ ಚುಕ್ಕೆ ಇಲ್ಲದಂತೆ ಮಾಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಣ್ಣ ಉಳಿದ ಮೂವತ್ತರಲ್ಲಿದ್ದ.

ನಾನು ಬಿ.ಎ.ಯಲ್ಲಿ ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ಓದುತ್ತಿದ್ದಾಗ, ಸೀಸರನಿಗೂ ಬೀಳುವ ಕಾಯಿಲೆ ಇತ್ತೆಂಬ ಭಾಗವನ್ನು ಬೇಕೆಂದೇ ಅವನಿಗೆ ಓದಿ ಹೇಳಿದೆ. ದಾಸ್ತಯೇವ್‌ಸ್ಕಿಗೂ ಇತ್ತು ಎಂದೆ. "ಅವರಿಬ್ಬರಿಗೂ ಚಪ್ಪಲಿ ಮೂಸಿಸಿದರೇನು?" ಎಂದು ಕೇಳಿದ! ಅವನಿಗೆ ಹಿಡಿಸಿದ್ದು ನಮ್ಮ ನಟರಾಜ. ನಟರಾಜನ ಕಾಲಡಿಯಲ್ಲಿ ಒಬ್ಬ ಕುಳ್ಳ ಮಲಗಿರುತ್ತಾನಲ್ಲ, ಅವನ ಹೆಸರು ಅಪಸ್ಮಾರ. ಮೂರ್ಛೆರೋಗಕ್ಕೂ ಚರಕನ ಕಾಲದಿಂದ ಅದೇ ಹೆಸರು. ಶಿವ ಅವನನ್ನು ಕೊಲ್ಲುವುದಿಲ್ಲ, ಮೆಟ್ಟಿಕೊಂಡೇ ಕುಣಿಯುತ್ತಾನೆ. "ನನ್ನದೂ ಅಷ್ಟೇ ಕೆಲಸ. ಒಮ್ಮೊಮ್ಮೆ ಕಾಲು ಜಾರುತ್ತದೆ" ಎನ್ನುತ್ತಿದ್ದ.

ಅಮ್ಮ ಅವನಿಗೆ ಸೈಕಲ್ ಹತ್ತಲು ಬಿಡಲಿಲ್ಲ, ನದಿಯ ಕಡೆ ಒಬ್ಬನೇ ಹೋಗಲು ಬಿಡಲಿಲ್ಲ. ಬಚ್ಚಲಿನ ಚಿಲಕ ಹಾಕಲಂತೂ ಕೊನೆಯವರೆಗೂ ಬಿಡಲಿಲ್ಲ. ಆದರೆ ಅವನು ಸುಮ್ಮನೆ ಕೂರುವ ಆಸಾಮಿಯಲ್ಲ. ಉಡುಪಿ ಕಡೆಯವರೊಬ್ಬರ ಹೋಟೆಲಿನಲ್ಲಿ ಲೆಕ್ಕ ಬರೆದ. ಒಲೆಯ ಹತ್ತಿರ ಬರಬಾರದು ಎನ್ನುವುದೊಂದೇ ಅವರ ಕರಾರು. ಇಪ್ಪತ್ತೆಂಟು ವರ್ಷ ಇಬ್ಬರೂ ಪಾಲಿಸಿದರು. ಭಾನುವಾರ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಸುತ್ತಮುತ್ತಲಿನ ಕನ್ನಡ ಮನೆಗಳ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ. ನಿಮ್ಮಲ್ಲಿ ಕೆಲವರ ಅಪ್ಪ ಅಮ್ಮಂದಿರು ಅವನ ಬಳಿ ಒತ್ತಕ್ಷರ ತಿದ್ದಿದವರು. ಬೇಕಾದರೆ ಮನೆಯಲ್ಲಿ ಕೇಳಿ ನೋಡಿ. ಮೊದಲ ದಿನವೇ ಅವನು ಚೀಟಿಯನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸುತ್ತಿದ್ದ. ಒಮ್ಮೆ ಪಾಠದ ನಡುವೆಯೇ ಬಂತು. ಎಂಟು ವರ್ಷದ ಹುಡುಗನೊಬ್ಬ ಅವನನ್ನು ಮಗ್ಗುಲಿಗೆ ತಿರುಗಿಸಿ, ತನ್ನ ಚೀಲವನ್ನು ತಲೆಗಿಟ್ಟು, ಗಡಿಯಾರ ನೋಡುತ್ತಾ ಕುಳಿತಿದ್ದನಂತೆ. ಎಂಟು ವರ್ಷ! ನನಗೆ ಹನ್ನೆರಡಾಗಿತ್ತು.

ಅವನ ಮದುವೆ ಆಗಲಿಲ್ಲ. ಒಂದು ಕಡೆ ಮಾತುಕತೆ ಮುಂದುವರಿದು, ಅವನೇ ಹುಡುಗಿಯ ಮನೆಯವರಿಗೆ ಚೀಟಿ ತೋರಿಸಿದ. ಅವರಲ್ಲೊಬ್ಬರು ವಕೀಲರು ಕಾನೂನಿನ ಪುಸ್ತಕ ತೆಗೆದರು. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಯಲ್ಲಿ ಮರಳಿ ಮರಳಿ ಬರುವ ಹುಚ್ಚಿನ ಜೊತೆಗೆ ಮೂರ್ಛೆರೋಗವನ್ನೂ ಸೇರಿಸಿದ್ದರು; ಅಂಥ ಮದುವೆಯನ್ನು ಕೋರ್ಟಿನಲ್ಲಿ ರದ್ದುಪಡಿಸಬಹುದಿತ್ತು. 1999ರಲ್ಲಿ ಆ ಪದವನ್ನು ಕೈಬಿಟ್ಟರು. ಅಣ್ಣ ಆ ಸುದ್ದಿ ಕತ್ತರಿಸಿ ನನಗೆ ತೋರಿಸಿ, "ನೋಡು, ಸರ್ಕಾರದ ಅಪ್ಪಣೆ ಬಂತು" ಎಂದು ನಕ್ಕ. ಆಗ ಅವನಿಗೆ ಮೂವತ್ತೆಂಟು, ಮುಂದಲೆ ಬೋಳಾಗಿತ್ತು.

ನನ್ನ ಮದುವೆಯ ಮಾತು ಬಂದಾಗ, 1991ರಲ್ಲಿ, ಗಂಡಿನ ಕಡೆಯವರು ನೋಡಲು ಬರುವ ದಿನ ಅಣ್ಣ ತಾನಾಗಿಯೇ ಬೆಳಿಗ್ಗೆಯೇ ಹೋಟೆಲಿಗೆ ಹೊರಟುಹೋದ. ಯಾರೂ ಹೋಗು ಎನ್ನಲಿಲ್ಲ. ಯಾರೂ ಇರು ಎಂದೂ ಅನ್ನಲಿಲ್ಲ. ನಾನು ಸೀರೆ ಉಟ್ಟು ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದೆ, ಮತ್ತೆ ಕಡಲೆಕಾಯಿ ಗಾಡಿಯ ಹಿಂದೆ. ಮದುವೆಯಾದ ವಾರಕ್ಕೆ ತಡೆಯಲಾರದೆ ನಮ್ಮವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಸೋದರಮಾವನಿಗೂ ಇದೆ. ನೀವು ನೋಡಲು ಬಂದ ದಿನ ಅವರನ್ನು ಮಹಡಿಯಲ್ಲಿ ಕೂರಿಸಿದ್ದೆವು" ಎಂದರು. ಹೀಗೆ ಎರಡೂ ಮನೆಯವರು ಪರಸ್ಪರ ಮುಚ್ಚಿಟ್ಟು ಮದುವೆ ಮಾಡಿಕೊಂಡಿದ್ದೆವು. ನಗಬೇಕೋ ಅಳಬೇಕೋ ನೀವೇ ಹೇಳಿ. ಮುಂದೆ ನಮ್ಮವರೂ ಅಣ್ಣನೂ ಅಣ್ಣತಮ್ಮಂದಿರಂತೆ ಆದರು.

ಬಸ್ ಸ್ಟಾಪಿನ ಮಾತನ್ನು ನಾನು ಅಣ್ಣನ ಮುಂದೆ ಒಮ್ಮೆಯೂ ಎತ್ತಲಿಲ್ಲ. ಎತ್ತಬೇಕೆಂದು ಎಷ್ಟೋ ಸಲ ಹೋದೆ. ಅಗಾಖಾನ್ ಅರಮನೆಯಲ್ಲಿ, ಕಸ್ತೂರಬಾ ಸಮಾಧಿಯ ಹತ್ತಿರ ಕೂರುವುದು ಅವನಿಗೆ ಇಷ್ಟ. ಅಲ್ಲಿ ಪಕ್ಕದಲ್ಲಿ ಕುಳಿತು ಬಾಯಿ ತೆರೆದಾಗಲೆಲ್ಲ ಅವನು, "ಮಕ್ಕಳ ಪರೀಕ್ಷೆ ಯಾವಾಗ?" ಎಂದು ಬೇರೆ ಮಾತು ತೆಗೆಯುತ್ತಿದ್ದ. ಗೊತ್ತಿದ್ದೇ ತೆಗೆಯುತ್ತಿದ್ದನೇ?

2014ರ ಡಿಸೆಂಬರಿನ ಒಂದು ಬೆಳಿಗ್ಗೆ ಅವನು ಏಳಲಿಲ್ಲ. ಮೂರ್ಛೆರೋಗ ಇರುವವರಲ್ಲಿ ವರ್ಷಕ್ಕೆ ಸುಮಾರು ಸಾವಿರಕ್ಕೆ ಒಬ್ಬರು ಹೀಗೆ ಇದ್ದಕ್ಕಿದ್ದಂತೆ, ಹೆಚ್ಚಾಗಿ ನಿದ್ದೆಯಲ್ಲಿ, ಹೋಗಿಬಿಡುತ್ತಾರೆ ಎಂದು ವೈದ್ಯರು ಹೇಳಿದರು. ಮಾತ್ರೆ ತಪ್ಪಿಸಿದರೆ ಅಪಾಯ ಹೆಚ್ಚು, ಅಣ್ಣ ತಪ್ಪಿಸಿರಲಿಲ್ಲ. ಡಬ್ಬಿಯಲ್ಲಿ ಹಿಂದಿನ ರಾತ್ರಿಯ ಮನೆ ಖಾಲಿಯಿತ್ತು. ಗೂಟಕ್ಕೆ ನೇತುಹಾಕಿದ್ದ ಶರ್ಟಿನ ಜೇಬಿನಲ್ಲಿ ಚೀಟಿ ಇತ್ತು. ಪ್ರತಿ ಯುಗಾದಿಗೆ ಹೊಸದಾಗಿ ಬರೆಯುತ್ತಿದ್ದ. ಅಕ್ಷರ ಸ್ವಲ್ಪ ನಡುಗಿತ್ತು, ಮಾತುಗಳು ಅವೇ. ವಿಳಾಸದ ಕೆಳಗೆ ನನ್ನ ಫೋನ್ ನಂಬರ್ ಇತ್ತು.

ರಾಜ್ಯೋತ್ಸವದ ದಿನ ನಾನು ಆ ಹುಡುಗಿಯನ್ನು ಮಗ್ಗುಲಿಗೆ ತಿರುಗಿಸಿ, ನನ್ನ ಸೆರಗು ಮಡಿಸಿ ತಲೆಗಿಟ್ಟು, ಬೀಗದ ಕೈಗಳನ್ನೆಲ್ಲ ವಾಪಸು ಕೊಟ್ಟೆ. ಆಮೇಲೆ ಅವಳ ತಾಯಿ ನನ್ನನ್ನು ಮೂಲೆಗೆ ಕರೆದು, "ಯಾರಿಗೂ ಹೇಳಬೇಡಿ ಆಂಟಿ, ಬಿಸಿಲಿಗೆ ತಲೆ ಸುತ್ತಿ ಬಿದ್ದಳು ಅಂದುಬಿಡಿ" ಎಂದರು. ರಾತ್ರಿ ಎಂಟು ಗಂಟೆಗೆ ಎಲ್ಲಿಯ ಬಿಸಿಲು! ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಹೇಳಿದ್ದು ಹುಡುಗಿಯೇ. ಮೊನ್ನೆ ಶನಿವಾರ ಮನೆಗೆ ಬಂದಿದ್ದಳು. ಇದನ್ನೆಲ್ಲ ಬರೆಯಿರಿ, ನನ್ನ ಹೆಸರು ಮಾತ್ರ ಸದ್ಯಕ್ಕೆ ಬೇಡ ಎಂದಳು. ಅಣ್ಣನ ಚೀಟಿಯನ್ನು ಅವಳ ಕೈಗೆ ಕೊಟ್ಟೆ. ಮರಾಠಿ, ಇಂಗ್ಲಿಷ್ ಸರಾಗವಾಗಿ ಓದಿದಳು. ಕನ್ನಡಕ್ಕೆ ಬಂದಾಗ ಒಂದೊಂದೇ ಅಕ್ಷರ ಕೂಡಿಸಿ, ಬೆರಳಿಟ್ಟು ಓದಿದಳು. ಮೊಬೈಲಿನಲ್ಲಿ ಇಂಥದ್ದೇ ಒಂದು ಮಾಡಿಕೊಳ್ಳುತ್ತೇನೆ, ಸ್ವಲ್ಪ ಉದ್ದವಾಯಿತು, ಕೊನೆಯ ಸಾಲು ತೆಗೆಯಲೇ ಆಂಟಿ ಎಂದು ಕೇಳಿದಳು. ಬೇರೆ ಏನನ್ನಾದರೂ ತೆಗೆ, ಚಪ್ಪಲಿಯನ್ನು ಬಿಡಬೇಡ ಎಂದೆ.